ಕಾನೂನು ಬರೆದವರನ್ನೇ ಕಾಡಿದ ಅಧ್ಯಾಯ

1837ರ ಅಕ್ಟೋಬರ್ 14ರಂದು ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಲಾರ್ಡ್ ಆಕ್ಲೆಂಡ್‌ಗೆ ಒಂದು ಕರಡು ಸಲ್ಲಿಕೆಯಾಯಿತು. ಮುಂದೆ ಭಾರತೀಯ ದಂಡ ಸಂಹಿತೆ ಎಂದು ಹೆಸರಾಗಲಿದ್ದ ಕಾನೂನಿನ ಮೊದಲ ರೂಪ ಅದು. ಬರೆದವರು ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ಮತ್ತು ಅವನ ಕಾನೂನು ಆಯೋಗದ ಸದಸ್ಯರು. ಯಾವ ಕಲಮನ್ನು ಯಾಕೆ ಹಾಗೆ ಬರೆದೆವು ಎಂದು ವಿವರಿಸುವ ಉದ್ದುದ್ದ ಟಿಪ್ಪಣಿಗಳೂ ಕರಡಿನ ಜೊತೆಗಿದ್ದವು. ತನ್ನ ಮಾತಿನ ಮೇಲೆ ಅಪಾರ ಭರವಸೆಯಿದ್ದ ಮನುಷ್ಯ ಮೆಕಾಲೆ. ಟಿಪ್ಪಣಿಗಳ ಉದ್ದಕ್ಕೂ ಆ ಭರವಸೆಯೇ ಎದ್ದು ಕಾಣುತ್ತದೆ. ಒಂದು ಕಡೆ ಮಾತ್ರ ದನಿ ಬದಲಾಗುತ್ತದೆ. ಇಡೀ ಸಂಹಿತೆಯಲ್ಲಿ ನಮಗೆ ಅತ್ಯಂತ ಕಡಿಮೆ ಸಮಾಧಾನ ಕೊಟ್ಟ ಭಾಗ ಇದು, ಇದರ ಬಗ್ಗೆ ಯೋಚಿಸಿದಷ್ಟು ಬೇರೆ ಯಾವುದರ ಬಗ್ಗೆಯೂ ಯೋಚಿಸಿಲ್ಲ, ಇದನ್ನು ತಿದ್ದಿ ಬರೆದಷ್ಟು ಸಲ ಬೇರೆ ಯಾವುದನ್ನೂ ತಿದ್ದಿಲ್ಲ, ಆದರೂ ಅಪೂರ್ಣವಾಗಿಯೇ ಒಪ್ಪಿಸುತ್ತಿದ್ದೇವೆ ಎಂದು ಅವರು ಬರೆದುಕೊಂಡಿದ್ದಾರೆ. ಯಾವ ದೇಶದ ಅಪರಾಧ ಕಾನೂನಿನಲ್ಲೂ ಈ ಭಾಗ ಪೂರ್ತಿ ನಿಖರವಾಗಲಾರದೇನೋ ಎಂಬ ಅನುಮಾನವನ್ನೂ ಮುಚ್ಚಿಡಲಿಲ್ಲ.

ಅದು ಖಾಸಗಿ ರಕ್ಷಣೆಯ ಹಕ್ಕಿನ ಭಾಗ. ತನ್ನ ಜೀವ, ತನ್ನ ಮನೆ, ತನ್ನ ಸೊತ್ತು ಉಳಿಸಿಕೊಳ್ಳಲು ಮನುಷ್ಯ ಎಲ್ಲಿಯವರೆಗೆ ಕೈ ಎತ್ತಬಹುದು? ರಾತ್ರಿ ಕದ ಮುರಿದು ಒಳನುಗ್ಗಿದವನು ಮನೆಯೊಡೆಯನ ಏಟಿಗೆ ಸತ್ತರೆ ಅದು ಕೊಲೆಯೇ? ಕೇಳುವುದು ಸುಲಭ. ಉತ್ತರವನ್ನು ಎಲ್ಲರಿಗೂ ಎಲ್ಲ ಹೊತ್ತಿಗೂ ಅನ್ವಯಿಸುವಂತೆ ಬರೆದಿಡುವುದು ಕಷ್ಟ. ಈ ಉತ್ತರ ಯಾರೋ ಒಬ್ಬರಿಗೆ ಒಂದೇ ದಿನ ಹೊಳೆದದ್ದಲ್ಲ. ಬೇರೆ ಬೇರೆ ಕಾಲದ, ಬೇರೆ ಬೇರೆ ನಾಡಿನ ಜನ ಅದರ ಒಂದೊಂದು ತುಣುಕನ್ನು ಕಂಡುಕೊಂಡರು.

ಮೊದಲ ತುಣುಕು ಬಹಳ ಹಳೆಯದು. ಬೈಬಲ್ಲಿನ ವಿಮೋಚನಕಾಂಡದ 22ನೆಯ ಅಧ್ಯಾಯದ ಪ್ರಕಾರ ಕನ್ನ ಕೊರೆಯುವಾಗ ಸಿಕ್ಕಿಬಿದ್ದ ಕಳ್ಳ ಏಟಿಗೆ ಸತ್ತರೆ ಹೊಡೆದವನ ಮೇಲೆ ರಕ್ತಾಪರಾಧವಿಲ್ಲ. ಸೂರ್ಯ ಮೂಡಿದ ಮೇಲೆ ಹಾಗಾದರೆ ಅಪರಾಧವುಂಟು. ಕ್ರಿ.ಪೂ. 450ರ ಸುಮಾರಿನ ರೋಮನ್ನರ ಹನ್ನೆರಡು ಫಲಕಗಳ ಕಾನೂನು ಕೂಡ ರಾತ್ರಿಯ ಕಳ್ಳನನ್ನು ಕೊಂದದ್ದನ್ನು ನ್ಯಾಯವೆಂದು ಒಪ್ಪಿ, ಹಗಲಿನ ಕಳ್ಳ ಆಯುಧ ಹಿಡಿದು ಎದುರಿಸಿದರೆ ಮಾತ್ರ ಆ ಅನುಮತಿ ಕೊಟ್ಟಿತ್ತು. ಕಳವಾಗುವ ಸೊತ್ತಿನ ಬೆಲೆ ಹಗಲಿಗೂ ಇರುಳಿಗೂ ಒಂದೇ ಅಲ್ಲವೇ, ಹಾಗಾದರೆ ಈ ಭೇದ ಯಾಕೆ? ಹಗಲಲ್ಲಿ ಬಂದವನು ಯಾರು, ಕೈಯಲ್ಲಿ ಏನಿದೆ, ಎಷ್ಟು ಜನ ಬಂದಿದ್ದಾರೆ ಎಂದು ಕಾಣುತ್ತದೆ. ಕೂಗಿದರೆ ನೆರೆಯವರು ಬರುತ್ತಾರೆ. ರಾತ್ರಿ ಇವೆಲ್ಲ ಇಲ್ಲ. ಕದಿಯಲು ಬಂದವನೋ ಕೊಲ್ಲಲು ಬಂದವನೋ ಎಂದು ವಿಚಾರಿಸುವ ವ್ಯವಧಾನ ಒಳಗಿರುವವನಿಗೆ ಸಿಗುವುದಿಲ್ಲ. ಅಂದರೆ ಆ ಕಾಲಕ್ಕೇ ಕಾನೂನು ಸೊತ್ತಿನ ಬೆಲೆಯನ್ನು ಬಿಟ್ಟು ಮನೆಯವನ ಭಯವನ್ನು ಅಳೆಯಲು ಹೊರಟಿತ್ತು. ಮುಂದಿನ ಎಲ್ಲ ಕಾನೂನುಗಳ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ.

ಎರಡನೆಯ ತುಣುಕು ಸಿಕ್ಕಿದ್ದು ನಮ್ಮ ಕಲ್ಯಾಣದಲ್ಲಿ. ಮನೆಗೆ ಬೆಂಕಿ ಇಡುವವನು, ವಿಷವಿಕ್ಕುವವನು, ಶಸ್ತ್ರ ಹಿಡಿದು ಮೇಲೆ ಬೀಳುವವನು, ಹಣ, ಹೊಲ, ಹೆಂಡತಿಯನ್ನು ಅಪಹರಿಸುವವನು ಇವರನ್ನು ಧರ್ಮಶಾಸ್ತ್ರಗಳು ಆತತಾಯಿಗಳೆಂದು ಕರೆದಿದ್ದವು. ಮನುಸ್ಮೃತಿ ಆತತಾಯಿಯ ವಧೆಯಲ್ಲಿ ದೋಷವಿಲ್ಲ ಎಂದಿತ್ತು, ಅವನು ಗುರುವಾಗಲಿ, ಮುದುಕನಾಗಲಿ, ಬಹಳ ಓದಿದ ಬ್ರಾಹ್ಮಣನಾಗಲಿ. ಆದರೆ ಬ್ರಾಹ್ಮಣಹತ್ಯೆ ಮಹಾಪಾತಕ ಎಂದದ್ದೂ ಅದೇ ಶಾಸ್ತ್ರ. ಎರಡನ್ನೂ ಹೊಂದಿಸುವುದು ಹೇಗೆ? ಚಾಲುಕ್ಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಈ ಸಿಕ್ಕನ್ನು ಬಿಡಿಸಿದ. ಆತತಾಯಿ ಬ್ರಾಹ್ಮಣನಾಗಿದ್ದರೂ ಕೊಲ್ಲುವ ಉದ್ದೇಶವಿಲ್ಲದೆ, ತನ್ನನ್ನು ಕಾಪಾಡಿಕೊಳ್ಳಲು ತಡೆಯುತ್ತಿರುವಾಗ ಅಕಸ್ಮಾತ್ತಾಗಿ ಅವನು ಸತ್ತರೆ, ತಡೆದವನಿಗೆ ಲಘು ಪ್ರಾಯಶ್ಚಿತ್ತ ಸಾಕು, ರಾಜದಂಡವಿಲ್ಲ ಎಂಬುದು ಅವನ ತೀರ್ಮಾನ. ಮಿತಾಕ್ಷರಾ ಎಂದರೆ ಆಸ್ತಿ ಪಾಲಿನ ಗ್ರಂಥವೆಂದಷ್ಟೇ ನಾವು ಓದಿಕೊಂಡು ಬಂದಿದ್ದೇವೆ. ಹೊಡೆಯುವುದಕ್ಕೂ ತಡೆಯುವುದಕ್ಕೂ ಇರುವ ಗೆರೆಯನ್ನು ಒಂಬೈನೂರು ವರ್ಷಗಳ ಹಿಂದೆ ಅದು ಇಷ್ಟು ಸ್ಪಷ್ಟವಾಗಿ ಎಳೆದಿತ್ತು ಎಂಬುದಕ್ಕೆ ನಮ್ಮ ಕಾನೂನು ಕಾಲೇಜುಗಳಲ್ಲಿ ಇನ್ನೂ ಹೆಚ್ಚಿನ ಜಾಗ ಸಿಗಬೇಕು.

ಇಂಗ್ಲೆಂಡಿನ ದಾರಿ ಒರಟಾಗಿತ್ತು. ಅಲ್ಲಿ ಪ್ರಾಣ ಉಳಿಸಿಕೊಳ್ಳಲು ಹೊಡೆದು ಕೊಂದವನೂ ನಿರಪರಾಧಿಯಾಗಿ ಮನೆಗೆ ಹೋಗುತ್ತಿರಲಿಲ್ಲ. 1278ರ ಗ್ಲಾಸ್ಟರ್ ಶಾಸನದ ಪ್ರಕಾರ ಅವನು ರಾಜನ ಕ್ಷಮಾಪತ್ರಕ್ಕೆ ಕಾಯಬೇಕು. ಜೀವ ಉಳಿದರೂ ಅವನ ಚರಸೊತ್ತು ರಾಜನ ಪಾಲಾಗುತ್ತಿತ್ತು. ಕಳ್ಳನಿಂದ ಉಳಿಸಿಕೊಂಡ ಪೆಟ್ಟಿಗೆಯನ್ನು ರಾಜನ ಆಳುಗಳು ಹೊತ್ತೊಯ್ಯುವ ಪರಿಸ್ಥಿತಿ. ಎಂಟನೆಯ ಹೆನ್ರಿಯ ಕಾಲದಲ್ಲಿ, 1532ರಲ್ಲಿ, ಸುಲಿಗೆಗೋ ಕೊಲೆಗೋ ಬಂದವನನ್ನು, ರಾತ್ರಿ ಮನೆ ಒಡೆಯಲು ಬಂದವನನ್ನು ಕೊಂದವನು ಏನನ್ನೂ ಕಳೆದುಕೊಳ್ಳಬೇಕಿಲ್ಲ ಎಂಬ ಕಾಯಿದೆ ಬಂತು.

ಮನೆ ಅದರ ಯಜಮಾನನಿಗೆ ಕೋಟೆ ಎಂಬ ಮಾತು ಕಾನೂನಿನಲ್ಲಿ ಗಟ್ಟಿಯಾದದ್ದು 1604ರಲ್ಲಿ, ಸೆಮೇನ್ ಮೊಕದ್ದಮೆಯಲ್ಲಿ. ಅದನ್ನು ವರದಿ ಮಾಡಿ ದಾಖಲಿಸಿದವನು ಎಡ್ವರ್ಡ್ ಕೋಕ್. ಈ ಮೊಕದ್ದಮೆಯಲ್ಲಿ ಕಳ್ಳನೇ ಇಲ್ಲ! ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್‌ನಲ್ಲಿ ಗ್ರೆಶಮ್ ಎಂಬಾತನೂ ಬೆರಿಸ್‌ಫರ್ಡ್ ಎಂಬಾತನೂ ಜಂಟಿಯಾಗಿ ಒಂದು ಮನೆ ಹೊಂದಿದ್ದರು. ಬೆರಿಸ್‌ಫರ್ಡ್ ಸಾಲ ಉಳಿಸಿ ಸತ್ತ. ಸಾಲ ಕೊಟ್ಟಿದ್ದ ಸೆಮೇನ್ ಸತ್ತವನ ಸಾಮಾನು ಜಪ್ತಿಗೆ ಶೆರಿಫನನ್ನು ಕರೆತಂದಾಗ ಗ್ರೆಶಮ್ ಬಾಗಿಲು ಹಾಕಿಕೊಂಡ. ನ್ಯಾಯಾಲಯ ಗ್ರೆಶಮನ ಕಡೆ ನಿಂತಿತು: ಖಾಸಗಿ ಸಾಲದ ವಸೂಲಿಗಾಗಿ ಸರ್ಕಾರಿ ಅಧಿಕಾರಿಯೂ ಮನೆಯ ಬಾಗಿಲು ಒಡೆಯುವಂತಿಲ್ಲ, ರಾಜನೇ ಕಕ್ಷಿಯಾಗಿದ್ದರೆ ಒಡೆಯಬಹುದು, ಅದೂ ಬಂದ ಕಾರಣ ತಿಳಿಸಿ ಬಾಗಿಲು ತೆರೆಯಲು ಕೇಳಿದ ಮೇಲೆ. ಮನೆಯನ್ನೂ ತನ್ನನ್ನೂ ಕಾಪಾಡಿಕೊಳ್ಳಲು ಕಳ್ಳರನ್ನು ಕೊಂದವನು ಅಪರಾಧಿಯಲ್ಲ ಎಂಬ ಮಾತೂ ಅದೇ ತೀರ್ಪಿನಲ್ಲಿ ಸೇರಿಕೊಂಡಿತು. ಇವತ್ತು ಕೋಟೆಯ ಮಾತನ್ನು ಬಂದೂಕು ಹಿಡಿದವರು ಹೆಚ್ಚಾಗಿ ಎತ್ತಿ ಆಡುತ್ತಾರೆ. ಅದು ಹುಟ್ಟಿದ್ದು ಸರ್ಕಾರದ ಕೈಯನ್ನು ಹೊಸ್ತಿಲಾಚೆ ನಿಲ್ಲಿಸಲು.

ಇಷ್ಟಾದರೂ ಇಂಗ್ಲೆಂಡಿನ ಕಾನೂನು ತೀರ್ಪುಗಳಲ್ಲಿ, ಪಂಡಿತರ ಗ್ರಂಥಗಳಲ್ಲಿ ಚೆದುರಿ ಬಿದ್ದಿತ್ತು. ಸಾಮಾನ್ಯ ಮನುಷ್ಯ ತೆರೆದು ಓದಿ ತನ್ನ ಹಕ್ಕು ಇಲ್ಲಿಂದ ಇಲ್ಲಿಯವರೆಗೆ ಎಂದು ತಿಳಿಯುವ ಒಂದು ಪುಟವೂ ಇರಲಿಲ್ಲ. ಆ ಪುಟ ಬರೆಯುವ ಕೆಲಸ ಬಂದದ್ದು ಭಾರತದಲ್ಲಿ ಕೂತ ಆಯೋಗದ ಪಾಲಿಗೆ.

1834ರ ಜೂನ್‌ನಲ್ಲಿ ಮದರಾಸಿನಲ್ಲಿ ಇಳಿದ ಮೆಕಾಲೆ, ಊಟಿಯಲ್ಲಿದ್ದ ಗವರ್ನರ್ ಜನರಲ್ ಬೆಂಟಿಂಕ್‌ನನ್ನು ಕಾಣಲು ಪಲ್ಲಕ್ಕಿಯಲ್ಲಿ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರಿನ ಮೇಲೆ ಹಾದುಹೋದ. ಮರುವರ್ಷ ಕಲ್ಕತ್ತೆಯಲ್ಲಿ ಆಯೋಗದ ಕೆಲಸ ಶುರುವಾಯಿತು. ಜೊತೆಗೆ ಮದರಾಸಿನಿಂದ ಬಂದ ಮೆಕ್ಲಿಯಾಡ್, ಬೊಂಬಾಯಿಯಿಂದ ಬಂದ ಆಂಡರ್ಸನ್, ಕಾನೂನು ಚಿಂತಕ ಬೆಂಥಾಮನ ಶಿಷ್ಯಪಂಥದ ಕ್ಯಾಮೆರಾನ್. ಒಬ್ಬೊಬ್ಬರಾಗಿ ಕಾಯಿಲೆ ಬಿದ್ದುದರಿಂದ ಕರಡಿನ ಹೆಚ್ಚಿನ ಭಾರ ಮೆಕಾಲೆಯ ಮೇಲೆಯೇ ಬಿತ್ತು. ಮುಂದಿದ್ದ ಮಾದರಿಗಳಲ್ಲಿ ಎರಡನ್ನು ಅವರು ಹೆಸರಿಸಿ ಸ್ಮರಿಸಿದ್ದಾರೆ. ಒಂದು, 1810ರ ಫ್ರೆಂಚ್ ದಂಡ ಸಂಹಿತೆ. ರಾತ್ರಿ ಗೋಡೆ ಹಾರುವವನನ್ನು, ವಾಸದ ಮನೆಯ ಬೇಲಿ, ಗೋಡೆ, ಬಾಗಿಲು ಒಡೆಯುವವನನ್ನು ಎದುರಿಸುವುದು ನ್ಯಾಯಬದ್ಧ ರಕ್ಷಣೆ ಎಂದು ಅದರ 329ನೆಯ ಕಲಂ ಹೇಳಿತ್ತು. ಇನ್ನೊಂದು, ಅಮೆರಿಕದ ಲೂಸಿಯಾನಕ್ಕಾಗಿ ಎಡ್ವರ್ಡ್ ಲಿವಿಂಗ್‌ಸ್ಟನ್ ಬರೆದ ಸಂಹಿತೆ. 1824ರಲ್ಲಿ ಆತ ಬರೆದು ಮುಗಿಸಿದ ಹಸ್ತಪ್ರತಿ ಬೆಂಕಿಗೆ ಆಹುತಿಯಾಗಿತ್ತು. ಎದೆಗುಂದದೆ ಮತ್ತೆ ಮೊದಲಿನಿಂದ ಬರೆದಿದ್ದ. ಲೂಸಿಯಾನ ಅದನ್ನು ಜಾರಿಗೆ ತರಲೇ ಇಲ್ಲ. ಆ ಶ್ರಮದ ಫಲ ಒಂದಷ್ಟು ನಮ್ಮ ಕಾನೂನಿಗೆ ಬಂತು.

ಇನ್ನು ಮೆಕಾಲೆಯ ಆ ಟಿಪ್ಪಣಿ. ಈ ಹಕ್ಕನ್ನು ನಾವು ತೀರ ಧಾರಾಳವಾಗಿ ಕೊಟ್ಟಂತೆ ಕಾಣಬಹುದು ಎಂದು ಅವನೇ ಒಪ್ಪುತ್ತಾನೆ. ದುಡುಕಿನ, ಎದೆಗಾರಿಕೆಯ ಜನರಿಗೆ ಬರೆಯುವುದಾದರೆ ಇನ್ನಷ್ಟು ಕಟ್ಟುಪಾಡು ಹಾಕುತ್ತಿದ್ದೆವು. ಈ ದೇಶದ ಅಪಾಯ ಇನ್ನೊಂದು ಕಡೆಯದು, ಇಲ್ಲಿಯ ಜನ ಡಕಾಯಿತರ ಕಾಟವನ್ನು ತೆಪ್ಪಗೆ ಸಹಿಸುತ್ತಾರೆ, ಅವರಲ್ಲಿ ಗಂಡುತನವನ್ನು ಎಬ್ಬಿಸಬೇಕಾಗಿದೆ ಎಂಬುದು ಅವನ ವಾದ. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಕರಡು ಸಲ್ಲಿಕೆಯಾದ ವರ್ಷವೇ, 1837ರ ಏಪ್ರಿಲ್‌ನಲ್ಲಿ, ಅಮರಸುಳ್ಯದ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನಡೆದು ಊರನ್ನು ಕೈವಶ ಮಾಡಿಕೊಂಡಿದ್ದರು. ಮೆಕಾಲೆ ಹಾದುಹೋದ ಮೈಸೂರು ಸಂಸ್ಥಾನದಲ್ಲಿ ಅವನು ಬರುವ ಮೂರು ನಾಲ್ಕು ವರ್ಷ ಮುಂಚೆ ನಗರ ಸೀಮೆಯ ರೈತರು ಕಂದಾಯದ ಹೊರೆಯ ವಿರುದ್ಧ ತಿರುಗಿಬಿದ್ದಿದ್ದರು. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿ ಹೆಚ್ಚು ಕಾಲವಾಗಿರಲಿಲ್ಲ. ಈ ಜನಕ್ಕೆ ಕೆಚ್ಚು ಇರಲಿಲ್ಲ ಎನ್ನುವುದು ಸುಳ್ಳು. ಡಕಾಯಿತನನ್ನು ಕೊಂದರೆ ಮರುದಿನ ಠಾಣೆಯ ದರೋಗನ ಕೈಗೆ, ಆಮೇಲೆ ಗೊತ್ತಿಲ್ಲದ ಭಾಷೆಯ ಕೋರ್ಟಿಗೆ ಬೀಳಬೇಕೆಂಬ ಹೆದರಿಕೆ ಇತ್ತು. ಆ ಹೆದರಿಕೆಗೆ ಕಾರಣ ಜನರ ಸ್ವಭಾವವಲ್ಲ, ಆಡಳಿತ.

ಆದರೆ ಅದೇ ಟಿಪ್ಪಣಿಯಲ್ಲಿ ಇನ್ನೊಂದು ಮಾತಿದೆ. ಅದನ್ನು ಮಾತ್ರ ತಲೆಬಾಗಿ ಒಪ್ಪಬೇಕು. ಡಕಾಯಿತರ ಗುಂಪನ್ನು ಎದುರಿಸಿದವನೊಬ್ಬನನ್ನು, ನೀನು ಮಿತಿಯ ಗೆರೆಯನ್ನು ಇಷ್ಟು ದಾಟಿದೆ ಎಂದು ಕೋರ್ಟು ಗಲ್ಲಿಗೇರಿಸಿದರೆ ಆಗುವ ಕೇಡು ಈ ಹಕ್ಕಿನ ದುರುಪಯೋಗದಿಂದ ಆಗಬಹುದಾದ ಎಲ್ಲ ಕೇಡಿಗಿಂತ ದೊಡ್ಡದು ಎಂಬ ಮಾತು. ಕಾರಣ ತಪ್ಪಿದ್ದರೂ ಸರಿಯಾದ ಜಾಗಕ್ಕೆ ಬಂದು ಮುಟ್ಟಿದ್ದ.

ಹಾಗಾದರೆ ಅವರು ಹೊಸದಾಗಿ ಕಂಡುಕೊಂಡದ್ದೇನು? ಒಂದೇ ದೊಡ್ಡ ಪ್ರಶ್ನೆಯನ್ನು ಬಿಡಿಸಿ ಸಣ್ಣ ಪ್ರಶ್ನೆಗಳನ್ನಾಗಿ ಮಾಡಿದರು. ಹಕ್ಕು ಯಾರಿಗೆ? ನಿನಗಷ್ಟೇ ಅಲ್ಲ, ಪಕ್ಕದ ಮನೆಯವನ ಜೀವಕ್ಕೋ ಸೊತ್ತಿಗೋ ಅಪಾಯ ಬಂದರೂ ನೀನು ಅಡ್ಡ ನಿಲ್ಲಬಹುದು. ಯಾವಾಗ ಇಲ್ಲ? ಪೊಲೀಸರನ್ನೋ ಸರ್ಕಾರಿ ಅಧಿಕಾರಿಗಳನ್ನೋ ಕರೆಯಲು ಸಮಯವಿದ್ದರೆ ಇಲ್ಲ. ಎಷ್ಟು? ರಕ್ಷಣೆಗೆ ಬೇಕಾದಷ್ಟು ಮಾತ್ರ, ಅದಕ್ಕಿಂತ ಹೆಚ್ಚಿನ ಹಾನಿ ಕೂಡದು. ಸಾಯುವಂತೆ ಹೊಡೆಯುವಷ್ಟು ಹಕ್ಕು ಎಲ್ಲಿ? ಸೊತ್ತಿನ ವಿಷಯದಲ್ಲಿ ನಾಲ್ಕೇ ಸಂದರ್ಭ: ಸುಲಿಗೆ, ರಾತ್ರಿ ಕನ್ನಗಳವು, ಜನ ವಾಸವಿರುವ ಅಥವಾ ಸಾಮಾನು ಇಟ್ಟ ಕಟ್ಟಡಕ್ಕೋ ಡೇರೆಗೋ ಹಡಗಿಗೋ ಬೆಂಕಿ ಇಡುವುದು, ಮತ್ತು ತಡೆಯದಿದ್ದರೆ ಸಾವೋ ತೀವ್ರ ಗಾಯವೋ ಆಗುತ್ತದೆಂದು ಭಯಪಡಲು ತಕ್ಕ ಕಾರಣವಿರುವಂಥ ಕಳವು, ಹಾನಿ, ಮನೆಯ ಅತಿಕ್ರಮ ಪ್ರವೇಶ. ಹಗಲಲ್ಲಿ ತೆಂಗಿನಕಾಯಿ ಕದಿಯುವವನು ಈ ಪಟ್ಟಿಯಲ್ಲಿಲ್ಲ. ಅವನನ್ನು ಅಟ್ಟಬಹುದು, ಹಿಡಿಯಬಹುದು, ಕೊಲ್ಲುವಂತಿಲ್ಲ. ಹಕ್ಕು ಮುಗಿಯುವುದು ಯಾವಾಗ? ರಾತ್ರಿ ಕನ್ನಗಳವಿನಲ್ಲಿ, ಒಡೆದು ಬಂದವನು ಮನೆಯೊಳಗೆ ಇರುವಷ್ಟು ಹೊತ್ತು.

ರಾತ್ರಿ ಒಳಗೆ ಬಂದವನನ್ನು ಕೊಂದರೆ ಕೇಸೇ ಇಲ್ಲ ಎಂದು ಹಳ್ಳಿಯ ಕಟ್ಟೆಯಿಂದ ಹಿಡಿದು ಅಪಾರ್ಟ್‌ಮೆಂಟಿನ ಲಿಫ್ಟಿನವರೆಗೆ ಜನ ಹೇಳುವುದುಂಟು. ಅದು ಅರ್ಧ ಓದಿದ ಕಾನೂನು. ಆ ನಾಲ್ಕು ಸಂದರ್ಭಗಳ ಕಲಂ ತನ್ನ ಮೊದಲ ಸಾಲಿನಲ್ಲೇ ಮಿತಿಗಳ ಕಲಮಿಗೆ ಒಳಪಟ್ಟು ಎಂದು ಹೇಳಿಕೊಂಡಿದೆ. ಕತ್ತಲಲ್ಲಿ ಒಳಬಂದ ಹುಡುಗ ದೀಪ ಹಾಕಿದೊಡನೆ ಕೈ ಮುಗಿದು ಕೂತರೆ, ಆಮೇಲಿನ ಏಟಿಗೆ ಕತ್ತಲು ನೆಪವಾಗುವುದಿಲ್ಲ.

ಆಯೋಗದ ಇನ್ನೊಂದು ದೊಡ್ಡ ಕೊಡುಗೆ ದೃಷ್ಟಾಂತಗಳು. ಕಲಮಿನ ಕೆಳಗೇ ಪುಟ್ಟ ಪುಟ್ಟ ಕತೆಗಳು. ಅವುಗಳಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು 98ನೆಯ ಕಲಮಿನದು. ಒಬ್ಬನು ತಾನು ಪ್ರವೇಶಿಸಲು ಹಕ್ಕಿರುವ ಮನೆಗೆ ರಾತ್ರಿ ಬರುತ್ತಾನೆ. ಒಳಗಿದ್ದವನು ಪ್ರಾಮಾಣಿಕವಾಗಿಯೇ ಇವನನ್ನು ಕನ್ನಗಳ್ಳನೆಂದು ತಿಳಿದು ಮೇಲೆ ಬೀಳುತ್ತಾನೆ. ತಪ್ಪು ತಿಳಿವಳಿಕೆಯಿಂದ ಹೊಡೆದ ಒಳಗಿನವನು ಅಪರಾಧಿಯಲ್ಲ. ಆದರೆ ಹೊಡೆಸಿಕೊಳ್ಳುತ್ತಿರುವ ಹೊರಗಿನವನಿಗೂ ತನ್ನನ್ನು ಕಾಪಾಡಿಕೊಳ್ಳುವ ಹಕ್ಕು, ಎದುರಿಗಿರುವವನು ನಿಜವಾದ ಅಪರಾಧಿಯಾಗಿದ್ದರೆ ಎಷ್ಟು ಇರುತ್ತಿತ್ತೋ ಅಷ್ಟೇ ಇದೆ. ಇಬ್ಬರೂ ತಪ್ಪಿಲ್ಲದವರು, ಇಬ್ಬರ ಕೈಯಲ್ಲೂ ಕಾನೂನು ಕೊಟ್ಟ ಹಕ್ಕು, ಒಬ್ಬ ಸಾಯಬಹುದು. ಇಂಥದ್ದಕ್ಕೆ ಪರಿಹಾರವಿಲ್ಲ ಎಂದು ಬರೆದವರಿಗೆ ಗೊತ್ತಿತ್ತು. ಮುಚ್ಚಿಡದೆ ಕಾನೂನಿನ ಪುಟದಲ್ಲೇ ಇಟ್ಟರು. ಅವರು ತಮ್ಮ ಕೆಲಸ ಅಪೂರ್ಣವೆಂದದ್ದು ಇಂಥ ಜಾಗಗಳನ್ನು ಕಂಡೇ ಇರಬೇಕು.

ಕರಡು ಇಪ್ಪತ್ತಕ್ಕೂ ಹೆಚ್ಚು ವರ್ಷ ಧೂಳು ತಿಂದಿತು. ನ್ಯಾಯವೇತ್ತ ಬಾರ್ನ್ಸ್ ಪೀಕಾಕ್ ಅದನ್ನು ಪರಿಷ್ಕರಿಸಿದ ಮೇಲೆ 1860ರ ಅಕ್ಟೋಬರ್ 6ರಂದು ಅಂಗೀಕಾರವಾಗಿ, 1862ರ ಜನವರಿ 1ರಿಂದ ಜಾರಿಗೆ ಬಂತು. ಖಾಸಗಿ ರಕ್ಷಣೆಗೆ 96ರಿಂದ 106ರವರೆಗೆ ಹನ್ನೊಂದು ಕಲಂ. ಮೆಕಾಲೆ 1859ರ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದ. 1878ರಲ್ಲಿ ಶಸ್ತ್ರಾಸ್ತ್ರ ಕಾಯಿದೆ ಬಂದು, ಪರವಾನಗಿ ಇಲ್ಲದೆ ಭಾರತೀಯರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. ಗಂಡುತನ ಎಬ್ಬಿಸಲು ಬರೆದ ಹಕ್ಕನ್ನು ಬರಿಗೈಯಲ್ಲಿ ಚಲಾಯಿಸಬೇಕಾಯಿತು. ಕೊಡವರಿಗೆ, ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಲ್ಲಿ ಸಿಕ್ಕ ವಿನಾಯಿತಿ ಇವತ್ತಿಗೂ ಮುಂದುವರಿದಿದೆ.

ಕೊನೆಯ ತುಣುಕನ್ನು ಕಂಡುಕೊಂಡದ್ದು ನ್ಯಾಯಾಲಯಗಳು. 1950ರ ಮಾರ್ಚ್ 5ರಂದು ಮಧ್ಯಪ್ರದೇಶದ ಕಟ್ನಿಯಲ್ಲಿ ಸಿಂಧಿ ನಿರಾಶ್ರಿತರಿಗೂ ಸ್ಥಳೀಯ ಮುಸ್ಲಿಮರಿಗೂ ಗಲಭೆಯಾಯಿತು. ಗುಂಪು ಅಮ್ಜದ್ ಖಾನ್ ಎಂಬವರ ಅಣ್ಣತಮ್ಮಂದಿರ ಅಂಗಡಿಗಳ ಸಾಲಿಗೆ ನುಗ್ಗಿತು. ಸಹೋದರನ ಅಂಗಡಿಯನ್ನು ದೋಚಿ, ಪಕ್ಕದಲ್ಲೇ ಇದ್ದ ಅಮ್ಜದ್ ಖಾನರ ಬಾಗಿಲನ್ನು ಲಾಠಿಗಳಿಂದ ಬಡಿಯತೊಡಗಿತು. ಅವರ ಮನೆಮಂದಿ ಒಳಗಿದ್ದರು. ಅವರು ಬಂದೂಕಿನಿಂದ ಎರಡು ಸುತ್ತು ಹಾರಿಸಿದರು. ಒಬ್ಬ ಸತ್ತ, ಮೂವರಿಗೆ ಗಾಯವಾಯಿತು. ಕೆಳಗಿನ ನ್ಯಾಯಾಲಯಗಳು ಶಿಕ್ಷೆ ಕೊಟ್ಟವು. 1952ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಬರೆದ ತೀರ್ಪು ಅವರನ್ನು ಬಿಡುಗಡೆ ಮಾಡಿತು. ಬಾಗಿಲು ಒಡೆದು ಗುಂಪು ಒಳನುಗ್ಗಿ ಮೈಮೇಲೆ ಬೀಳುವವರೆಗೂ ಅವರು ಕಾಯಬೇಕಿರಲಿಲ್ಲ. ಪಕ್ಕದ ಅಂಗಡಿಗೆ ಆದದ್ದನ್ನು ಕಂಡವನಿಗೆ ಮುಂದೆ ತನ್ನ ಮನೆಯವರಿಗೆ ಏನಾದೀತೆಂಬ ಭಯ ಸಹಜ. ಇಂಥ ವಿಷಯಗಳನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಲಾಗದು ಎಂಬುದು ಅದರ ಸಾರ. ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ದಿನಗಳಲ್ಲಿ, ಅಲ್ಪಸಂಖ್ಯಾತ ಅಂಗಡಿಕಾರನೊಬ್ಬನ ಬಾಗಿಲ ಹಿಂದೆ ನಿಂತು ನೋಡಿದ ತೀರ್ಪು ಅದು. ಅಳತೆಗೋಲು ಎಲ್ಲಿ ನಿಂತು ಹಿಡಿಯಬೇಕು ಎಂಬುದು ಅಲ್ಲಿ ಖಚಿತವಾಯಿತು: ಕೋರ್ಟಿನ ಫ್ಯಾನಿನ ಕೆಳಗಲ್ಲ, ಬಡಿಯುತ್ತಿರುವ ಬಾಗಿಲಿನ ಒಳಬದಿಯಲ್ಲಿ.

ಅದರ ಇನ್ನೊಂದು ಅಂಚನ್ನು 1962ರ ಜೈ ದೇವ್ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಎಳೆದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ಅವರು 1964ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದರು. ಪಂಜಾಬಿನ ಹಳ್ಳಿಯೊಂದರ ಜಮೀನಿನ ಜಗಳದಲ್ಲಿ ಎದುರಾಳಿಗಳು ಓಡತೊಡಗಿದ ಮೇಲೂ ಗುಂಡು ಹಾರಿದ್ದವು. ಅಪಾಯದ ಭಯ ಇರುವವರೆಗೆ ಹಕ್ಕು ಇದೆ, ಭಯಕ್ಕೆ ಕಾರಣ ಹೋದ ಕ್ಷಣ ಹಕ್ಕೂ ಹೋಯಿತು ಎಂದು ಅವರು ಹೇಳಿ ಆರೋಪಿಗಳು ತಪ್ಪಿತಸ್ಥರೆಂಬ ತೀರ್ಪನ್ನು ಎತ್ತಿಹಿಡಿದರು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು. ಒಂದನ್ನಷ್ಟೇ ಓದಿದವನು ಅತಿ ಧೈರ್ಯಕ್ಕೋ ಅತಿ ಹೆದರಿಕೆಗೋ ಬೀಳುತ್ತಾನೆ. ಸಾಕ್ಷ್ಯದ ವಿಷಯದಲ್ಲೂ ನ್ಯಾಯಾಲಯಗಳು ಮನೆಯವನ ಮೇಲೆ ಕರುಣೆ ತೋರಿವೆ: ತಾನು ರಕ್ಷಣೆಗೇ ಹೊಡೆದೆ ಎಂಬುದನ್ನು ಅವನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಹಾಗಾಗಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. 1967ರ ಮುನ್ಶಿ ರಾಮ್ ಪ್ರಕರಣದ ಪ್ರಕಾರ, ಆರೋಪಿ ಬಾಯಿಬಿಟ್ಟು ಆ ವಾದ ಎತ್ತದಿದ್ದರೂ ದಾಖಲೆಯಲ್ಲಿ ಅದು ಕಂಡರೆ ಕೋರ್ಟು ತಾನೇ ಪರಿಗಣಿಸಬಹುದು. ಒಳ್ಳೆಯ ವಕೀಲನನ್ನು ಹಿಡಿಯಲಾಗದ ಬಡವನಿಗೆ ಇದರಷ್ಟು ದೊಡ್ಡ ಆಸರೆ ಬೇರೆ ಇಲ್ಲ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹನ್ನೊಂದು ಕಲಂಗಳು 34ರಿಂದ 44ರವರೆಗೆ ಹೊಸ ಅಂಕಿ ಪಡೆದು ಹೆಚ್ಚುಕಡಿಮೆ ಹಾಗೆಯೇ ಉಳಿದಿವೆ. ಮನೆ ಒಡೆಯುವ ಹೊತ್ತನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಎಂದು ಕಲಮಿನಲ್ಲೇ ಬಿಡಿಸಿ ಹೇಳಿದ್ದಾರೆ. ಬೆಂಕಿಯ ಪಕ್ಕದಲ್ಲಿ ಸ್ಫೋಟಕವನ್ನು ಸೇರಿಸಿದ್ದಾರೆ. ನನಗೆ ಇವೆರಡಕ್ಕಿಂತ ಮುಖ್ಯವೆನಿಸಿದ ಬದಲಾವಣೆ ಪಕ್ಕದ ಕಾನೂನಿನಲ್ಲಿದೆ. ಹಿಡಿದ ಕಳ್ಳನನ್ನು ಕಂಬಕ್ಕೆ ಕಟ್ಟಿ ಊರೆಲ್ಲ ಸೇರಿ ಬಡಿಯುವ ದೃಶ್ಯಗಳನ್ನು ಫೋನುಗಳಲ್ಲಿ ನಾವೆಲ್ಲ ನೋಡುತ್ತಿದ್ದೇವೆ. ಕಟ್ಟಿದ ಕ್ಷಣಕ್ಕೇ ಅಲ್ಲಿ ರಕ್ಷಣೆಯ ಹಕ್ಕು ಮುಗಿದಿರುತ್ತದೆ. ಆಮೇಲೆ ಬಿದ್ದ ಪ್ರತಿ ಏಟೂ ಹೊಡೆದವನ ಅಪರಾಧ. ಕಣ್ಣೆದುರು ಗಂಭೀರ ಅಪರಾಧ ಮಾಡಿದವನನ್ನು ಸಾರ್ವಜನಿಕರು ಹಿಡಿಯಬಹುದು, ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 43ನೆಯ ಕಲಂ ಹೇಳುತ್ತಿತ್ತು. ಎಷ್ಟು ಹೊತ್ತು ಎಂದು ಅದರಲ್ಲಿ ಇರಲಿಲ್ಲ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಂ ಅಲ್ಲಿ ಗಡಿಯಾರ ಇಟ್ಟಿದೆ: ಹೆಚ್ಚೆಂದರೆ ಆರು ಗಂಟೆ. ಏಟಿಗೆ ಅಳತೆ ಬರೆಯಲು ಯಾರಿಗೂ ಆಗಲಿಲ್ಲ, ಹಿಡಿದಿಟ್ಟುಕೊಳ್ಳುವ ಹೊತ್ತಿಗೆ ಅಳತೆ ಬರೆಯಲು ಆಯಿತು. ಈ ಆರು ಗಂಟೆಯ ವಿಷಯವನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕು, ಪಕ್ಕದಲ್ಲಿ ಠಾಣೆಯ ನಂಬರಿನ ಜೊತೆಗೆ.